ಗಿರಾಕಿಯ ಗುಟ್ಟು, ಅಂಗಡಿಯ ಹೊಣೆ



2025ರ ಜುಲೈ ತಿಂಗಳನ್ನು ಇಲ್ಲಿ ಕೂತ ದಾವಣಗೆರೆ, ಹರಿಹರದ ವ್ಯಾಪಾರಸ್ಥರು ಮರೆತಿರಲಾರರು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. 2021-22ರಿಂದ ಮುಂದಿನ ನಾಲ್ಕು ವರ್ಷಗಳ ಲೆಕ್ಕ ಅದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದ್ದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಿತ್ತು ಎಂಬುದು ಇಲಾಖೆಯ ವಾದ. ಹೊಳೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯಲ್ಲಿ ತರಕಾರಿ ಮಾರುವ ಒಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಬಂತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. 25ರಂದು ಬಂದ್ ಮಾಡುವ ಕರೆ ಹೊರಟಿತು. 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ ಮಾತನಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಗದ್ದಲ ತಣ್ಣಗಾಯಿತು.

ಆ ತೆರಿಗೆಯ ಸರಿ ತಪ್ಪು ಇವತ್ತಿನ ವಿಷಯವಲ್ಲ. ನನಗೆ ಮುಖ್ಯವಾಗಿ ಕಂಡದ್ದು ಆ ದಿನಗಳಲ್ಲಿ ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಯ ಅಂಗಡಿಗಳಲ್ಲಿ ಕೇಳಿಬಂದ ಒಂದು ಪ್ರಶ್ನೆ: ‘ನಮ್ಮ ಲೆಕ್ಕ ಅವರ ಕೈಗೆ ಹೆಂಗೆ ಹೋಯ್ತು?’ ಇಲಾಖೆಗೆ ಲೆಕ್ಕ ಕೇಳಿ ಪಡೆಯುವ ಅಧಿಕಾರ ಕಾನೂನಿನಲ್ಲೇ ಇತ್ತು. ಆದರೂ ಎದೆ ಝಲ್ಲೆಂದಿತು. ದಿನದಿನದ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಎಲ್ಲೋ ಕೂಡಿ ಬಿದ್ದು, ನಾಲ್ಕು ವರ್ಷದ ನಂತರ ಕಾಗದವಾಗಿ ಮನೆ ಬಾಗಿಲಿಗೆ ಬಂದಾಗ ಆಗುವ ದಿಗಿಲು ಅದು. ಆ ದಿಗಿಲನ್ನು ಉಂಡವರಿಗೆ ಇವತ್ತಿನ ಮಾತು ಬೇಗ ಮುಟ್ಟುತ್ತದೆ ಎಂಬ ನಂಬಿಕೆ ನನಗಿದೆ. ಏಕೆಂದರೆ ಅದೇ ಪ್ರಶ್ನೆಯನ್ನು ನಮ್ಮ ಗಿರಾಕಿ ನಮ್ಮನ್ನು ಕೇಳುವ ಕಾಲ ಬಂದಿದೆ. ‘ನನ್ನ ನಂಬರು ಅವರ ಕೈಗೆ ಹೆಂಗೆ ಹೋಯ್ತು?’ ಎಂದು ಆಕೆ ಕೇಳಿದರೆ ಗಲ್ಲಾದ ಮೇಲೆ ಕೂತವರ ಹತ್ತಿರ ಉತ್ತರ ಇರಬೇಕು.

ಗುಟ್ಟು ಕಾಯುವುದು ನಮ್ಮ ಪೇಟೆಗೆ ಹೊಸದಲ್ಲ. ಹತ್ತಿಯ ಮಂಡಿ ಜೋರಾಗಿದ್ದ ಕಾಲದಲ್ಲಿ ಯಾವ ರೈತ ಎಷ್ಟು ಮುಂಗಡ ಎತ್ತಿದ್ದಾನೆ, ಯಾರ ಮಗಳ ಮದುವೆಯ ಜವಳಿ ಎಷ್ಟು ಉದ್ರಿ ಹೋಗಿದೆ ಎಂಬುದು ಸಾಹುಕಾರರ ಕಿರ್ದಿ ಪುಸ್ತಕದಲ್ಲಿ ಇರುತ್ತಿತ್ತು, ಲೆಕ್ಕ ಬರೆಯುವವರ ತಲೆಯಲ್ಲಿ ಇರುತ್ತಿತ್ತು. ಪುಸ್ತಕ ರಾತ್ರಿ ಪೆಟ್ಟಿಗೆ ಸೇರುತ್ತಿತ್ತು. ಒಬ್ಬ ಗಿರಾಕಿಯ ಬಾಕಿಯನ್ನು ಇನ್ನೊಬ್ಬ ಗಿರಾಕಿಯ ಮುಂದೆ ಆಡುವುದು ಮರ್ಯಾದೆಗೇಡು, ಹಾಗೆ ಆಡಿದ ಅಂಗಡಿಗೆ ಜನ ಮತ್ತೆ ಕಾಲಿಡುತ್ತಿರಲಿಲ್ಲ. ಯಾವ ಕಾಯ್ದೆಯೂ ಹೇಳಿಕೊಡದ ಶಿಸ್ತು ಅದು. ಪುಸ್ತಕ ಹೋಗಿ ಮೊಬೈಲು ಬಂದಾಗ ಆ ಶಿಸ್ತು ಜೊತೆಯಲ್ಲಿ ಬರಲಿಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಬಿಟ್ಟದ್ದಲ್ಲ. ಪುಸ್ತಕ ಕಣ್ಣಿಗೆ ಕಾಣುತ್ತಿತ್ತು. ಮೊಬೈಲಿನೊಳಗೆ ಬಿದ್ದದ್ದು ಕಾಣುವುದಿಲ್ಲ, ಅಷ್ಟೇ.

ಕಾಣದ್ದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಸರ್ಕಾರಿ ಕಚೇರಿಯೊಂದರ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ನಿಲ್ಲಿ. ಹಳ್ಳಿಯಿಂದ ಬಂದ ಅಜ್ಜಿಗೆ ಪಿಂಚಣಿ ಅರ್ಜಿಗೆ ಆಧಾರ್ ಪ್ರತಿ ಬೇಕು. ಹುಡುಗ ಆಧಾರ್ ತಾಣ ತೆರೆದು, ಓಟಿಪಿ ಕೇಳಿ, ಇ-ಆಧಾರ್ ಇಳಿಸಿಕೊಳ್ಳುತ್ತಾನೆ. ಅದಕ್ಕೊಂದು ಪಾಸ್‌ವರ್ಡ್ ಉಂಟು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ಅಂದರೆ ಕಾರ್ಡಿನ ಮೇಲಿನ ವಿವರ ಗೊತ್ತಿದ್ದವರಿಗೆಲ್ಲ ಗೊತ್ತಿರುವ ಪಾಸ್‌ವರ್ಡ್. ಪ್ರಿಂಟು ಹೊಡೆದು ಕೊಡುತ್ತಾನೆ, ಅಜ್ಜಿ ದುಡ್ಡು ಕೊಟ್ಟು ಬಸ್ಸು ಹತ್ತುತ್ತಾರೆ. ಕಡತ ಮಾತ್ರ ‘ಡೌನ್‌ಲೋಡ್ಸ್’ ಎಂಬ ಫೋಲ್ಡರಿನಲ್ಲೇ ಉಳಿಯಿತು. ಅದರ ಮೇಲೊಂದು, ಕೆಳಗೊಂದು, ತಿಂಗಳುಗಟ್ಟಲೆ ಹಿಂದಿನವು. ಪಡಿತರ ಚೀಟಿ, ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. ಅಷ್ಟರಲ್ಲಿ ಇನ್ನೊಬ್ಬರು ಬಂದು ‘ನಂದು ವಾಟ್ಸ್ಆ್ಯಪ್‌ನಾಗೆ ಐತಿ’ ಅನ್ನುತ್ತಾರೆ. ಅಂಗಡಿಯ ನಂಬರಿಗೆ ಕಳಿಸುತ್ತಾರೆ. ಮೊಬೈಲಿನ ಗ್ಯಾಲರಿಗೆ ತಾನಾಗಿ ಇಳಿಯಿತು, ಬ್ಯಾಕಪ್ ಚಾಲೂ ಇದ್ದರೆ ಗೂಗಲ್ ಫೋಟೋಸ್‌ಗೂ ಏರಿತು. ಆ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ಬೆಳಗ್ಗೆಯಿಂದ ತೆರೆದೇ ಇದೆ. ಆಧಾರ್ ಕೊಡುವ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಒಂದು ಎಚ್ಚರಿಕೆ ಹೊರಡಿಸಿತ್ತು: ಆಧಾರ್ ಪ್ರತಿಯನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆದ ಆಧಾರ್ ಕೊಡಿ, ಸಾರ್ವಜನಿಕ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಅಳಿಸಿ ಬನ್ನಿ ಎಂದು. ಜನ ಗಾಬರಿಯಾದರೆಂದು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆದರು. ಹಿಂದಕ್ಕೆ ಪಡೆದದ್ದು ಒಳ್ಳೆಯದಾಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಲಹೆ ಸರಿಯಾಗಿಯೇ ಇತ್ತು.

ಆ ಹುಡುಗ ಕಳ್ಳನಲ್ಲ. ದಿನಕ್ಕೆ ನೂರಾರು ಜನರ ಕೆಲಸ ಮಾಡಿಕೊಡುತ್ತಾನೆ. ಆದರೆ ನಾಳೆ ಕಂಪ್ಯೂಟರು ಕೆಟ್ಟರೆ ಅದು ರಿಪೇರಿಗೆ ಹೋಗುತ್ತದೆ, ಹಳತಾದರೆ ಹಾರ್ಡ್‌ಡಿಸ್ಕ್ ಸಮೇತ ಮಾರಾಟವಾಗುತ್ತದೆ. ಹುಡುಗ ಕೆಲಸ ಬಿಟ್ಟರೆ ಅವನ ಸ್ವಂತ ಮೊಬೈಲಿನೊಳಗಿನ ಗಿರಾಕಿಗಳ ಕಾಗದಪತ್ರ ಅವನ ಜೊತೆಗೇ ಹೋಗುತ್ತವೆ. ಡೇಟಾ ಸೋರಿಕೆ ಎಂದರೆ ಎಲ್ಲೋ ದೂರದಲ್ಲಿ ಕೂತ ಹ್ಯಾಕರ್ ಮಾಡುವ ಕೆಲಸ ಎಂದುಕೊಂಡಿದ್ದೇವೆ. ನಮ್ಮ ಊರುಗಳಲ್ಲಿ ಅದು ಹೆಚ್ಚಾಗಿ ಆಗುವುದು ಇಂಥ ಅಭ್ಯಾಸಗಳಿಂದ.

ಈಗ ಕಾಯ್ದೆಯ ಮಾತು. ಇದರ ಬೇರು ಕರ್ನಾಟಕದಲ್ಲೇ ಇದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ಮಾಡಿ ಮುಗಿಸಿತ್ತು. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತ್ತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಾಯ್ದೆಯಡಿಯ ಡೇಟಾ ಸಂರಕ್ಷಣಾ ಮಂಡಳಿಯ ರಚನೆಗೆ ಸಂಬಂಧಿಸಿದ್ದು ಕೂಡಲೇ ಜಾರಿ. ಅಂಗಡಿಕಾರರಿಗೆ ತಾಗುವ ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಗಡುವು, ಅಂದರೆ 2027ರ ಮೇ.

‘ಇದು ದೊಡ್ಡ ಕಂಪನಿಗಳಿಗೆ ಮಾಡಿದ ಕಾನೂನು, ನಮಗಲ್ಲ’ ಎಂಬ ಮಾತನ್ನು ಪಿ.ಬಿ. ರಸ್ತೆಯಲ್ಲೂ ಕೇಳಿದ್ದೇನೆ, ಹರಿಹರದಲ್ಲೂ ಕೇಳಿದ್ದೇನೆ. ಹಾಗಿಲ್ಲ. ವಹಿವಾಟು ಇಷ್ಟು ಕೋಟಿ ದಾಟಿದರೆ ಮಾತ್ರ ಎಂಬ ಗೆರೆಯನ್ನು ಈ ಕಾಯ್ದೆ ಎಳೆದಿಲ್ಲ. ಗಿರಾಕಿಯ ವಿವರವನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇಟ್ಟುಕೊಂಡು, ಅದನ್ನು ಯಾತಕ್ಕೆ ಬಳಸಬೇಕೆಂದು ತೀರ್ಮಾನಿಸುವವರು ಯಾರೇ ಆಗಲಿ, ಹೊಣೆ ಅವರದು. ಸ್ಟಾರ್ಟಪ್‌ಗಳು ಸೇರಿದಂತೆ ಕೆಲವು ವರ್ಗದವರಿಗೆ ಕೆಲವು ಕಲಂಗಳಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ, ನಿಜ. ಆದರೆ ಆ ಪಟ್ಟಿಯಲ್ಲಿ ಡೇಟಾವನ್ನು ಭದ್ರವಾಗಿಡುವ ಕರ್ತವ್ಯವಿಲ್ಲ, ಸೋರಿದಾಗ ತಿಳಿಸುವ ಕರ್ತವ್ಯವೂ ಇಲ್ಲ. ದಂಡದ ಗರಿಷ್ಠ ಮಿತಿ 250 ಕೋಟಿ. ಈ ಅಂಕಿ ತೋರಿಸಿ ಯಾರನ್ನೂ ಹೆದರಿಸಲು ನನಗೆ ಇಷ್ಟವಿಲ್ಲ; ತಪ್ಪಿನ ಸ್ವರೂಪ, ಗಾತ್ರ, ಸರಿಪಡಿಸಲು ಮಾಡಿದ ಪ್ರಯತ್ನ ಎಲ್ಲವನ್ನೂ ತೂಗಿ ನೋಡಿಯೇ ಮಂಡಳಿ ದಂಡ ಹಾಕಬೇಕು. ಮಿರ್ಚಿ ಮಂಡಕ್ಕಿ ಅಂಗಡಿಗೆ 250 ಕೋಟಿ ದಂಡ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಂಬಬೇಡಿ. ಸಾಫ್ಟ್‌ವೇರ್ ಮಾರಲು ಹೊರಟವರು ಕಳಿಸುವ ಸುದ್ದಿ ಅದು.

ಕಾಯ್ದೆ ಬರೆದವರು ಸಣ್ಣ ಅಂಗಡಿಯನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರು ಎಂಬುದಕ್ಕೆ ಕಾಯ್ದೆಯೊಳಗೇ ಸಾಕ್ಷಿ ಇದೆ. ಅದರಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಒಂದು ಔಷಧಿ ಅಂಗಡಿಯದು. ಗಿರಾಕಿ ಔಷಧಿ ಕೊಂಡು, ದುಡ್ಡು ಮುಟ್ಟಿದ್ದಕ್ಕೆ ಮೆಸೇಜು ಕಳಿಸಿ ಎಂದು ತಾನಾಗಿ ನಂಬರು ಕೊಟ್ಟರೆ, ಆ ಮೆಸೇಜು ಕಳಿಸಲು ಅಂಗಡಿಯವರು ನಂಬರು ಬಳಸಬಹುದು. ಬಳಕೆ ಅಲ್ಲಿಗೆ ನಿಲ್ಲಬೇಕು. ನಮ್ಮೂರಿನ ಔಷಧಿ ಅಂಗಡಿಗಳ ಬಗ್ಗೆ ಯೋಚಿಸಿ. ಎರಡು ವೈದ್ಯಕೀಯ ಕಾಲೇಜು, ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಗೆ ಸುತ್ತಲ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರ ಚೀಟಿಯ ಫೋಟೋ ಔಷಧಿ ಅಂಗಡಿಯ ಮೊಬೈಲಿನಲ್ಲಿ, ರಕ್ತಪರೀಕ್ಷೆಯ ವರದಿ ಲ್ಯಾಬಿನ ಮೊಬೈಲಿನಲ್ಲಿ. ಯಾವ ಹೆಣ್ಣುಮಗಳು ಯಾವ ತಿಂಗಳು ಯಾವ ಮಾತ್ರೆ ತೆಗೆದುಕೊಂಡಳು, ಯಾರಿಗೆ ಸಕ್ಕರೆ, ಯಾರಿಗೆ ಮನಸ್ಸಿನ ಕಾಯಿಲೆಗೆ ಔಷಧಿ ನಡೆಯುತ್ತಿದೆ ಎಂಬುದೆಲ್ಲ ಅಲ್ಲಿದೆ. ಸಂಬಂಧ ಕೇಳಿಕೊಂಡು ಬರುವವರು ಮನೆತನದ ಬಗ್ಗೆ ಊರೆಲ್ಲ ವಿಚಾರಿಸುವ ಸಮಾಜ ನಮ್ಮದು. ಅಂಥಲ್ಲಿ ಒಂದು ವರದಿ ತಪ್ಪು ನಂಬರಿಗೆ ಹೋದರೆ ಆಗುವ ನಷ್ಟವನ್ನು ಯಾವ ದಂಡದಿಂದಲೂ ಅಳೆಯಲಾಗದು.

ಲಂಡನ್ನಿನ ಒಂದು ಔಷಧಿ ಅಂಗಡಿಯ ಕಥೆ ಇಲ್ಲಿ ಹೇಳಬೇಕು. ಡೋರ್‌ಸ್ಟೆಪ್ ಡಿಸ್ಪೆನ್ಸರಿ ಎಂಬ ಆ ಸಂಸ್ಥೆ ವೃದ್ಧಾಶ್ರಮಗಳಿಗೆ ಔಷಧಿ ಒದಗಿಸುತ್ತಿತ್ತು. ರೋಗಿಗಳ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಔಷಧಿಯ ವಿವರ ಇರುವ ಕಾಗದಗಳನ್ನು ಅಂಗಡಿಯ ಹಿಂದಿನ ಅಂಗಳದಲ್ಲಿ ಬೀಗವಿಲ್ಲದ ಪೆಟ್ಟಿಗೆ, ಚೀಲಗಳಲ್ಲಿ ತುಂಬಿಟ್ಟಿದ್ದರು. 2019ರ ಡಿಸೆಂಬರಿನಲ್ಲಿ ಅಲ್ಲಿನ ಮಾಹಿತಿ ಆಯುಕ್ತರು 2,75,000 ಪೌಂಡ್ ದಂಡ ಹಾಕಿದರು. ಮೇಲ್ಮನವಿಯಲ್ಲಿ ಅದು 92,000 ಪೌಂಡಿಗೆ ಇಳಿಯಿತು. ಯಾವ ಹ್ಯಾಕರೂ ಬಂದಿರಲಿಲ್ಲ, ರದ್ದಿಯ ಚೀಲಗಳೇ ಸಾಕಾದವು. ನಮ್ಮ ಕಾಯ್ದೆ ಬರೀ ಕಾಗದದಲ್ಲಿ ಉಳಿದ ಮಾಹಿತಿಗೆ ಅನ್ವಯವಾಗುವುದಿಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿದ, ಫೋಟೋ ಹೊಡೆದ ಕ್ಷಣದಿಂದ ಅನ್ವಯವಾಗುತ್ತದೆ. ಹಾಗಾಗಿ ಹಾಳಾದ ಝೆರಾಕ್ಸ್ ಪ್ರತಿಗಳಲ್ಲಿ ಮಂಡಕ್ಕಿ ಕಟ್ಟಿಕೊಟ್ಟರೆ ಈ ಕಾಯ್ದೆ ಕೇಳದಿರಬಹುದು. ಆದರೆ ಆ ಪೊಟ್ಟಣದ ಮೇಲೆ ಯಾರದೋ ಪಾಸ್‌ಬುಕ್ಕಿನ ಪುಟ ಇದ್ದರೆ ಹಳೆಯ ಸಾಹುಕಾರರು ಖಂಡಿತ ಒಪ್ಪುತ್ತಿರಲಿಲ್ಲ.

ಇನ್ನು ನಮ್ಮ ವಿದ್ಯಾನಗರದ ಟ್ಯೂಷನ್, ಕೋಚಿಂಗ್‌ಗಳ ಕಡೆಗೆ ಬರೋಣ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನಗಳಲ್ಲಿ ತಂದೆತಾಯಿಯರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ನಮ್ಮ ಕಾಲೇಜಿಗೆ ಸೇರಿಸಿ, ನಮ್ಮ ಕೋಚಿಂಗಿಗೆ ಸೇರಿಸಿ. ಹೇಳುವವರಿಗೆ ಮಗುವಿನ ಹೆಸರೂ ಗೊತ್ತು, ಓದಿದ ಶಾಲೆಯೂ ಗೊತ್ತು. ಆ ಪಟ್ಟಿ ಎಲ್ಲಿಂದಲೋ ಬಂದಿರಲೇಬೇಕು. ಟ್ಯೂಷನ್, ಕೋಚಿಂಗ್ ನಡೆಸುವವರು ನೆನಪಿಡಬೇಕಾದದ್ದು: ಹದಿನೆಂಟು ತುಂಬದವರೆಲ್ಲ ಈ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು. ಪಿಯುಸಿ ಓದುವ ಹುಡುಗ ಹುಡುಗಿಯರು ಬಹುಪಾಲು ಅದರೊಳಗೇ ಬಂದರು. ಅವರ ಮಾಹಿತಿಗೆ ತಂದೆ ಅಥವಾ ತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಕೊಂಚ ಸಡಿಲಿಕೆ ಇದ್ದರೂ ಅದು ಪಾಠಕ್ಕೆ, ಮಕ್ಕಳ ಸುರಕ್ಷತೆಗೆ ಮಾತ್ರ. ಪಟ್ಟಿಯನ್ನು ಬೇರೆಯವರಿಗೆ ಕೊಡುವುದಕ್ಕಲ್ಲ. ಇನ್ನೊಂದು ಸಣ್ಣ ವಿಷಯ. ಪೋಷಕರನ್ನೆಲ್ಲ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರೆ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಬಯಲು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಖರ್ಚಿಲ್ಲದ, ಇವತ್ತು ಸಂಜೆಯೇ ಮಾಡಬಹುದಾದ ಕೆಲಸ.

ಹರಿಹರದ ಪ್ರಶ್ನೆ ಬೇರೆ. 1941ರಲ್ಲಿ ಬಂದ ಮೈಸೂರು ಕಿರ್ಲೋಸ್ಕರ್ ಆ ಊರಿಗೆ ಲೇತ್ ಯಂತ್ರದ ಕಸುಬು ಕಲಿಸಿತು. ಕಾರ್ಖಾನೆ ಮುಚ್ಚಿ ಎರಡು ದಶಕ ಕಳೆದರೂ ಆ ಕಸುಬು ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಉಳಿದಿದೆ. ಅಲ್ಲಿ ಅಂಗಡಿಯಂತೆ ಗಿರಾಕಿಗಳ ಸಾಲಿಲ್ಲ, ಕೆಲಸಗಾರರಿದ್ದಾರೆ. ಪಿಎಫ್, ಇಎಸ್‌ಐಗೆಂದು ಅವರ ಆಧಾರ್, ಬ್ಯಾಂಕ್ ಖಾತೆ, ಹೆಂಡತಿ ಮಕ್ಕಳ ವಿವರ ಮಾಲೀಕರ ಬಳಿ ಇರುತ್ತದೆ. ಉದ್ಯೋಗಕ್ಕೆ ಬೇಕಾದಷ್ಟನ್ನು ಬಳಸಲು ಕಾಯ್ದೆಯ ಅಡ್ಡಿಯಿಲ್ಲ. ನನಗೆ ಚಿಂತೆ ಇರುವುದು ಬಾಗಿಲಲ್ಲಿ ನೇತುಹಾಕಿದ ಹೆಬ್ಬೆಟ್ಟಿನ ಹಾಜರಾತಿ ಯಂತ್ರದ ಬಗ್ಗೆ. ಅದರೊಳಗಿನ ಬೆರಳಚ್ಚಿನ ಮಾಹಿತಿ ಯಂತ್ರದಲ್ಲೇ ಇರುತ್ತದೋ, ಮಾರಿದವರ ಸರ್ವರಿಗೆ ಹೋಗುತ್ತದೋ ಎಂಬುದನ್ನು ಕೊಳ್ಳುವಾಗ ಕೇಳುವವರು ಕಡಿಮೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ನೋಡಿ. ಮಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಓಟಿಪಿಯೂ ಇಲ್ಲದೆ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾಯಿತು. ಆ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿದ್ದ ಕ್ರಯಪತ್ರಗಳಿಂದ ವಂಚಕರು ಹೆಬ್ಬೆಟ್ಟಿನ ಗುರುತು ಎತ್ತಿದ್ದರೆಂದು ಪೊಲೀಸರು ಹೇಳಿದರು. ಆಮೇಲೆ ಸರ್ಕಾರ ಅವನ್ನು ಮರೆಮಾಚುವ ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು. ಹತ್ತು ಜನರ ವರ್ಕ್‌ಶಾಪಿಗೆ ಒಂದು ಹಾಜರಿ ಪುಸ್ತಕವೋ, ಒಂದು ಕಾರ್ಡೋ ಸಾಕು ಎಂದು ನಾನು ಮಾಲೀಕರಿಗೆ ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

‘ಸಾಫ್ಟ್‌ವೇರಿನವರು ನೋಡ್ಕೋತಾರೆ’ ಎಂಬುದು ಇನ್ನೊಂದು ಸಾಮಾನ್ಯ ಉತ್ತರ. ನೋಡಿಕೊಳ್ಳಲಿ, ಒಳ್ಳೆಯದೇ. ಆದರೆ ಅವರು ಎಡವಿದರೂ ಕಾಯ್ದೆಯ ಮುಂದೆ ನಿಲ್ಲಬೇಕಾದವರು ಅಂಗಡಿಯ ಮಾಲೀಕರು. ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರು, ಲೆಕ್ಕ ಬರೆಯುವವರು, ಮದುವೆ ಸೀಜನ್ನಿನಲ್ಲಿ ಗಿರಾಕಿಗಳಿಗೆ ಮೆಸೇಜು ಹೊಡೆಯುವ ಏಜೆನ್ಸಿ, ಇವರೆಲ್ಲರ ಜೊತೆ ಬರಹದಲ್ಲಿ ಕರಾರು ಇರಬೇಕು. ನಂಬರಿನ ವಿಷಯಕ್ಕೆ ಬಂದರೆ, ಬಿಲ್ಲು ಮಾಡಲು ಮೊಬೈಲ್ ನಂಬರು ಕಡ್ಡಾಯ ಎಂದು ಹಟ ಹಿಡಿಯುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಕೊಟ್ಟ ನಂಬರನ್ನು ಅಳಿಸಿ ಎಂದು ಗಿರಾಕಿ ಕೇಳಿದರೆ ಜವಳಿ ಅಂಗಡಿಯವರು ‘ಜಿಎಸ್‌ಟಿಗೆ ಲೆಕ್ಕ ಇಡಬೇಕು’ ಅನ್ನುತ್ತಾರೆ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು, ಸರಿ. ಹಾಗಾದರೆ ಬಿಲ್ಲು ಉಳಿಯಲಿ, ಜಾಹೀರಾತಿನ ಪಟ್ಟಿಯಿಂದ ನಂಬರು ಹೋಗಲಿ. ಎರಡಕ್ಕೂ ಗಂಟು ಹಾಕಬೇಕಾಗಿಲ್ಲ.

ಕನ್ನಡದ ವೇದಿಕೆಯಲ್ಲಿ ನಿಂತು ನಾನು ವಿಶೇಷವಾಗಿ ಹೇಳಬೇಕಾದದ್ದು ಒಂದಿದೆ. ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗಿರಾಕಿಗೆ ಸಿಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಇದನ್ನು ನಾವು ಬಳಸದಿದ್ದರೆ, ವಕೀಲರ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ, ಯಾರೂ ಓದದ ಎರಡು ಪುಟದ ಕನ್ನಡ ಬಂದು ಕೂರುತ್ತದೆ. ಆ ಮೊದಲು ನಾವೇ ಬರೆದುಕೊಳ್ಳೋಣ. ಒಂದು ಬಟ್ಟೆ ಅಂಗಡಿಗೆ ಇಷ್ಟು ಸಾಕೆಂದು ನನಗನಿಸುತ್ತದೆ:

‘ಬಿಲ್ಲು ಮೊಬೈಲಿಗೆ ಬೇಕಿದ್ದರೆ ಮಾತ್ರ ನಂಬರು ಕೊಡಿ. ಅದನ್ನು ಬಿಲ್ಲು ಕಳಿಸಲು ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಹೊಸ ಮಾಲಿನ ಸುದ್ದಿ ಕಳಿಸಲು ನೀವು ಬೇರೆಯಾಗಿ ಒಪ್ಪಿದರೆ ಮಾತ್ರ ಕಳಿಸುತ್ತೇವೆ. ಬೇಡವೆನಿಸಿದ ದಿನ ಅದೇ ಮೆಸೇಜಿಗೆ ‘ಸಾಕು’ ಎಂದು ಉತ್ತರಿಸಿ, ಪಟ್ಟಿಯಿಂದ ತೆಗೆಯುತ್ತೇವೆ. ದೂರಿದ್ದರೆ ಅಂಗಡಿಯಲ್ಲಿ ಇಂಥವರನ್ನು ಕೇಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಡೇಟಾ ಸಂರಕ್ಷಣಾ ಮಂಡಳಿಗೆ ಹೋಗುವ ಹಕ್ಕು ನಿಮಗಿದೆ.’

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸಣ್ಣ ವ್ಯಾಪಾರಿಗಳಿಗೆ ಅದನ್ನು ಅರ್ಥ ಮಾಡಿಸಿದವರು ಹೆಚ್ಚಾಗಿ ನಮ್ಮ ನಡುವಿನ ತೆರಿಗೆ ಸಲಹೆಗಾರರು, ಲೆಕ್ಕಪರಿಶೋಧಕರು. ಈ ಕಾಯ್ದೆಗೂ ಅವರೇ ಮುಂದೆ ಬರಬೇಕು. ಆದರೆ ಅವರ ಕಂಪ್ಯೂಟರುಗಳಲ್ಲೇ ಊರಿನ ಅರ್ಧ ಜನರ ಪ್ಯಾನ್, ಆಧಾರ್, ರಿಟರ್ನ್ ಸಲ್ಲಿಸುವ ಪಾಸ್‌ವರ್ಡುಗಳು ಒಂದು ಎಕ್ಸೆಲ್ ಹಾಳೆಯಲ್ಲಿ ಕೂತಿರುತ್ತವೆ. ಮೊದಲ ಪಾಠ ತಮ್ಮ ಕಚೇರಿಯಲ್ಲೇ ಆಗಲಿ ಎಂದು ಆ ಮಿತ್ರರಲ್ಲಿ ಕೇಳಿಕೊಳ್ಳುತ್ತೇನೆ.

ಕಾಯ್ದೆಯಲ್ಲಿ ನನಗೆ ಒಪ್ಪಿಗೆಯಾಗದ ಅಂಶವನ್ನೂ ಮುಚ್ಚಿಡುವುದಿಲ್ಲ. ದಂಡದ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಸೋರಿ ನಷ್ಟವಾದವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ ಪರಿಹಾರ ಕೇಳುವ ದಾರಿಯೊಂದಿದೆ. ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ಪಿಂಚಣಿಯ ಹಣ ಕಳೆದುಕೊಂಡ ಅಜ್ಜಿಗೆ ಮಂಡಳಿಯ ತೀರ್ಪಿನಿಂದ ಏನು ಸಿಕ್ಕಿತು? ಇದನ್ನು ಬದಲಿಸಿ ಎಂದು ನಮ್ಮ ಸಂಸದರನ್ನು ಕೇಳಬೇಕಾದವರು ನಾವೇ, ವ್ಯಾಪಾರಸ್ಥರೂ ಗಿರಾಕಿಗಳೂ ಕೂಡಿ.

ಅಲ್ಲಿಯವರೆಗೆ ಅಂಗಡಿಯ ನಡತೆಯೇ ಗಿರಾಕಿಗೆ ಆಸರೆ. ಮಾಹಿತಿ ಸೋರಿದೆ ಎಂದು ಗೊತ್ತಾದ ಕೂಡಲೇ ತೊಂದರೆಗೊಳಗಾದವರಿಗೆ ತಿಳಿಸಬೇಕು, ಮಂಡಳಿಗೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ಪೂರ್ತಿ ವಿವರ ಕೊಡಬೇಕು. ದೂರಿನ ದಾರಿಯನ್ನೂ ಕಾಯ್ದೆ ಹಾಕಿಕೊಟ್ಟಿದೆ: ನೊಂದವರು ನೇರವಾಗಿ ಮಂಡಳಿಗೆ ಹೋಗುವಂತಿಲ್ಲ, ಮೊದಲು ಅಂಗಡಿಗೇ ಬರಬೇಕು. ಬಂದ ದೂರಿಗೆ ಹೆಚ್ಚೆಂದರೆ 90 ದಿನದೊಳಗೆ ಉತ್ತರ ಕೊಡಬೇಕು. ಹೀಗೆ ಬಂದವರು ಯಾರನ್ನು ಕೇಳಬೇಕೆಂದು ಅಂಗಡಿಯಲ್ಲಿ ಬರೆದಿರಬೇಕಾಗುತ್ತದೆ. ನಾನು ಓದಿದ ಸೂಚನೆಯಲ್ಲಿ ‘ಇಂಥವರನ್ನು’ ಎಂದು ಖಾಲಿ ಬಿಟ್ಟ ಜಾಗ ಅದೇ. ಅಲ್ಲಿ ಯಾರ ಹೆಸರು ಬರೆಯುತ್ತೀರಿ ಎಂಬುದನ್ನು 2027ರ ಮೇವರೆಗೆ ಕಾಯದೆ ಮನೆಯವರ ಜೊತೆ, ಕೆಲಸದವರ ಜೊತೆ ಕೂತು ಈ ವಾರವೇ ತೀರ್ಮಾನಿಸಿ.